ಎರಡನೇ ಸಲ ನೀರಿಗೆ

ಮನೆಯಿಂದ,
12 ಸೆಪ್ಟೆಂಬರ್, ಗುರುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಆಗುತ್ತಿದೆಯೇ? ಎಡಗಿವಿ ಸೋರುವುದು ನಿಂತಿತೇ? ಆ ಹನಿ ಔಷಧಿ ಮುಗಿದ ಮೇಲೆ ಇನ್ನೊಂದು ಬಾಟಲಿ ತೆಗೆದುಕೊಂಡೆಯೋ ಇಲ್ಲವೋ? ತೆಗೆದುಕೊಂಡಿರುವುದಿಲ್ಲ, ನನಗೆ ಗೊತ್ತು. ಕಿವಿಗೆ ಹತ್ತಿ ಇಡದೆ ತಲೆಗೆ ನೀರು ಹಾಕಿಕೊಳ್ಳಬೇಡ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಅದಕ್ಕೆ ಬರೆದಿದ್ದೇನೆ. ನಿನ್ನ ಫೋನಿಗೆ ಮಾಡಿ ಮಾಡಿ ಬೆರಳು ಸವೆಯಿತು. ಮೊದಲು ರಿಂಗ್ ಆಗಿ ಆಗಿ ನಿಲ್ಲುತ್ತಿತ್ತು, ಈಗ ಆ ನಂಬರೇ ಇಲ್ಲ ಎನ್ನುತ್ತದೆ. ನೀನು ಸಭೆಯ ಹಿರಿಯರಿಗೆ ಬರೆದ ಕಾಗದದ ಹಿಂಬದಿಯಲ್ಲಿ ವಿಳಾಸ ಇತ್ತಲ್ಲ, ಅದನ್ನು ನೋಡಿ ಬರೆಯುತ್ತಿದ್ದೇನೆ. ಫ್ಯಾಕ್ಟರಿಯಲ್ಲಿ ಕರೆಂಟಿನ ರಿಪೇರಿ, ಇವತ್ತು ರಜೆ. ಬೆಳಿಗ್ಗೆಯಿಂದ ಮೂರು ಹಾಳೆ ಹರಿದೆ, ಇದು ನಾಲ್ಕನೆಯದು. ತಪ್ಪು ಬಹಳ ಇರುತ್ತವೆ, ತಿದ್ದಿಕೊಂಡು ಓದು. ಸ್ಕೂಲು ಬಿಟ್ಟವಳ ಬೆರಳು ಹಿಡಿದು ಸಾಲಿನ ಕೆಳಗೆ ಓಡಿಸಿ ಓದು ಕಲಿಸಿದವನು ನೀನೇ ಅಲ್ಲವೇ, ಹಾಗಾಗಿ ತಪ್ಪಿನಲ್ಲಿ ಅರ್ಧ ನಿನ್ನದು.

ಹೇಳಬೇಕಾದದ್ದನ್ನು ಎಲ್ಲಿಂದ ಹಿಡಿಯಲಿ ಎಂದು ತಿಳಿಯುತ್ತಿಲ್ಲ. ಹೋದ ಭಾನುವಾರದಿಂದಲೇ ಶುರು ಮಾಡುತ್ತೇನೆ. ಆರಾಧನೆ ಮುಗಿದಿತ್ತು, ನಾನು ಹೆಂಗಸರ ಕಡೆ ಮೂರನೇ ಬೆಂಚಿನಲ್ಲಿ ಕೂತು ಚೀಲಕ್ಕೆ ಹಾಡಿನ ಪುಸ್ತಕ ತುಂಬುತ್ತಿದ್ದೆ. ಬಡಗಿ ಹಿರಿಯರು ಎದ್ದು ನಿಂತು ‘ಯಾರೂ ಹೋಗಬೇಡಿ, ನಮ್ಮ ಬೋಧಕರಿಂದ ಕಾಗದ ಬಂದಿದೆ’ ಅಂದರು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಎರಡು ತಿಂಗಳಿಂದ ಸುದ್ದಿಯಿಲ್ಲದ ಅಣ್ಣನ ಕಾಗದ! ಪಕ್ಕದವಳ ತೊಡೆ ತಟ್ಟಿ ‘ನಮ್ಮಣ್ಣಂದು’ ಅಂದೆ. ಆಮೇಲೆ ಅವರು ಓದಿದರು. ನಾಲ್ಕೇ ಸಾಲು. ‘ನಾನು ನಂಬಿಕೆ ಬಿಟ್ಟಿದ್ದೇನೆ. ಹಿಂದಿರುಗಿ ನೋಡಿದರೆ ಅದು ನನ್ನಲ್ಲಿ ಎಂದೂ ಇತ್ತೆಂದು ಅನಿಸುವುದಿಲ್ಲ. ನನ್ನನ್ನು ಹುಡುಕಬೇಡಿ. ಸಭೆಯ ಪಟ್ಟಿಯಿಂದ ಹೆಸರು ತೆಗೆಯಿರಿ.’ ಅಷ್ಟೇ. ತಂಗಿಗೆ ತಿಳಿಸಿ ಎಂದು ಸಹ ಇರಲಿಲ್ಲ. ಒಡಹುಟ್ಟಿದವಳು ಊರವರ ಜೊತೆ ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳಬೇಕಾಯಿತು. ಪಕ್ಕದವಳ ತೊಡೆಯ ಮೇಲಿದ್ದ ಕೈಯನ್ನು ಹೇಗೆ ವಾಪಸ್ ತೆಗೆದುಕೊಂಡೆನೋ ದೇವರಿಗೇ ಗೊತ್ತು.

ನೀನು ನಂಬಿಕೆ ಬಿಟ್ಟೆ ಎಂದಷ್ಟೇ ಬರೆದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಆ ಎರಡನೇ ಸಾಲು ಯಾಕೆ ಬರೆದೆ ಅಣ್ಣಾ? ಅದೊಂದು ಸಾಲು ಇಲ್ಲಿ ಎಂಥ ಬೆಂಕಿ ಹಚ್ಚಿದೆ ಗೊತ್ತಾ? ಕನ್ನಡಕದ ಅಂಗಡಿಯ ಹಿರಿಯರು ‘ಪಾಪ, ಆತನಿಗೆ ರಕ್ಷಣೆ ಇತ್ತು, ಕೈಯಾರೆ ಕಳಕೊಂಡ’ ಎಂದರು. ಬಡಗಿ ಹಿರಿಯರು ಒಪ್ಪಲಿಲ್ಲ. ‘ಕಳಕೊಳ್ಳೋಕೆ ಅದೇನು ಛತ್ರೀನಾ? ಕರ್ತನು ಹಿಡಿದವನನ್ನ ಬಿಡೋದಿಲ್ಲ. ಈತ ಹೋದ ಅಂದ್ರೆ ಈತನನ್ನ ಹಿಡಿದೇ ಇರಲಿಲ್ಲ. ತಾನೇ ಬರೆದಿದ್ದಾನಲ್ಲ, ಎಂದೂ ಇರಲಿಲ್ಲ ಅಂತ’ ಎಂದು ಕಾಗದವನ್ನು ಎತ್ತಿ ತೋರಿಸಿದರು. ಇಬ್ಬರ ಮಾತಿಗೂ ಬೈಬಲ್ ವಾಕ್ಯದ ಆಧಾರ ಇತ್ತು, ಇಬ್ಬರೂ ಪುಟ ತೆಗೆದು ತೋರಿಸಿದರು. ನನಗೋ, ಅತ್ತ ದರಿ ಇತ್ತ ಪುಲಿ. ಇದ್ದದ್ದನ್ನು ನೀನು ಕಳೆದುಕೊಂಡೆ ಎಂದರೆ, ನಿನ್ನಂಥವನಿಗೇ ಉಳಿಯದ್ದು ನನ್ನಂಥವಳಿಗೆ ಉಳಿಯುತ್ತದೆಯೇ? ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿ ತುದಿಯಿಂದ ಮೂರು ಸಲ ವಾಪಸ್ ಬರುವವಳು ನಾನು. ಇರಲೇ ಇಲ್ಲ ಎಂದರೆ, ಇಲ್ಲದವನ ಕೈಯಿಂದ ನನಗೆ ಸಿಕ್ಕಿದ್ದಾದರೂ ಏನು?

ಕೊನೆಗೆ ಬಡಗಿ ಹಿರಿಯರ ಮಾತೇ ನಿಂತಿತು. ನಿನ್ನ ಕೈಯಿಂದ ದೀಕ್ಷಾಸ್ನಾನ ಆದವರು ಒಟ್ಟು ಹನ್ನೊಂದು ಜನ. ನಂಬಿಕೆಯೇ ಇಲ್ಲದವನು ಮುಳುಗಿಸಿದರೆ ಅದು ಬರೀ ಸ್ನಾನ, ದೀಕ್ಷೆ ಅಲ್ಲ. ಆದ್ದರಿಂದ ಎಲ್ಲರೂ ಈ ಭಾನುವಾರ ಇನ್ನೊಂದು ಸಲ ನೀರಿಗೆ ಇಳಿಯಬೇಕು. ಇಳಿಯುವವರೆಗೂ ಕರ್ತನ ಭೋಜನದ ರೊಟ್ಟಿ ಮುರಿಯುವ ಮೇಜಿಗೆ ಬರಬಾರದು. ಪೀಠದ ಮುಂದಿನ ಹಲಗೆ ಎತ್ತಿ ಅದರಡಿಯ ಸ್ನಾನದ ತೊಟ್ಟಿ ತೊಳೆಯುವುದಕ್ಕೆ ಇಬ್ಬರನ್ನು ಗೊತ್ತು ಮಾಡಿದ್ದೂ ಆಯಿತು. ಹೆಸರು ಓದಿದರು. ನಾನು ಬೆರಳು ಮಡಿಸುತ್ತಾ ಹೋದೆ. ನನ್ನದೂ ಸೇರಿ ಹತ್ತೇ ಹೆಸರು ಬಂದವು. ಹನ್ನೊಂದನೆಯದು ಯಾಕೆ ಓದಲಿಲ್ಲ ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ, ನನ್ನ ಬುದ್ಧಿಗಿಷ್ಟು! ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಆಗ ನೆನಪಾಯಿತು, ಹನ್ನೊಂದನೆಯದು ಅಮ್ಮ.

ಅಣ್ಣಾ, ಅಮ್ಮನನ್ನು ಎಲ್ಲಿಂದ ಕರೆದುಕೊಂಡು ಬರಲಿ?

ಆವತ್ತು ನಿನಗೆ ನೆನಪಿರಬೇಕು. ಸಭೆಯ ತೊಟ್ಟಿಯವರೆಗೆ ಅವಳು ಬರುವಂತಿರಲಿಲ್ಲ, ಕಾಯಿಲೆಯಲ್ಲಿ ಮೈಯೇ ಹಾಳೆಯಂತಾಗಿತ್ತು. ನೀನು ಎಲ್ಲಿಂದಲೋ ದೊಡ್ಡ ಪ್ಲಾಸ್ಟಿಕ್ ಟಬ್ ಹೊತ್ತು ತಂದು ಬಚ್ಚಲಲ್ಲಿ ಇಟ್ಟೆ. ನಾನು ಒಲೆಯ ಮೇಲೆ ನೀರು ಕಾಯಿಸಿ ಕಾಯಿಸಿ ಸುರಿದೆ. ‘ಇವಳೇನು ನನ್ನನ್ನ ಮುಳುಗಿಸ್ತಾಳೋ ಬೇಯಿಸ್ತಾಳೋ’ ಎಂದು ಅಮ್ಮ ನಕ್ಕಳು. ನೀನು ಪ್ಯಾಂಟು ಮಡಚಿ ಟಬ್ಬಿನೊಳಗೇ ಮಂಡಿಯೂರಿ ಅವಳನ್ನು ಮಗುವಿನಂತೆ ಎತ್ತಿ ಮಲಗಿಸಿದೆ. ತಲೆ ಮುಳುಗಿತು, ಎದೆ ಮುಳುಗಿತು, ಬಲ ಮೊಣಕಾಲು ಮಾತ್ರ ಮೇಲೇ ನಿಂತಿತು. ನಾನು ‘ಅಣ್ಣಾ, ಮೊಣಕಾಲು, ಮೊಣಕಾಲು’ ಎಂದು ಬಡಕೊಂಡೆ. ನೀನು ನಗುತ್ತಾ ‘ಗಾಬರೀ, ದೇವರು ಮೊಣಕಾಲನ್ನ ಬಿಟ್ಟು ಮಿಕ್ಕಿದ್ದನ್ನ ಒಳಗೆ ಬಿಟ್ಟುಕೊಳ್ತಾನೇನೇ’ ಅಂದೆ. ಆದರೂ ಮನಸ್ಸು ತಡೆಯದೆ ನಾನು ಒಂದು ಚೊಂಬು ನೀರು ಅದರ ಮೇಲೆ ಹೊಯ್ದೆ. ಅದಾಗಿ ಹತ್ತೊಂಬತ್ತು ದಿನ ಇದ್ದಳು. ಕೊನೆಯ ದಿನ ಮಾತೇ ಹೊರಡುತ್ತಿರಲಿಲ್ಲ. ಆದರೂ ನಿನ್ನ ಕೈ ಹಿಡಿದು ‘ಬಿಡಲ್ವಲ್ಲಪ್ಪಾ ಅವನು?’ ಎಂದು ಕೇಳಿದಳು. ನೀನು ‘ಬಿಡಲ್ಲಮ್ಮಾ, ನೀನೇ ಬಿಟ್ಟರೂ ಅವನು ಬಿಡಲ್ಲ’ ಅಂದೆ. ಅವಳ ಹಣೆಯ ಗಂಟು ಸಡಿಲವಾದದ್ದನ್ನು ನಾನು ಕಣ್ಣಾರೆ ನೋಡಿದೆ. ಬದುಕಿಡೀ ನನ್ನ ಹಾಗೇ ಹೆದರಿ ಸತ್ತವಳು, ಸಾಯುವಾಗ ಮಾತ್ರ ಹೆದರಲಿಲ್ಲ. ಅದು ನಿನ್ನ ಆ ಮಾತಿನಿಂದ. ಈಗ ನೀನು ಬರೆಯುತ್ತೀಯ, ಎಂದೂ ಇರಲಿಲ್ಲ ಎಂದು. ಹಾಗಾದರೆ ಆವತ್ತು ಅಮ್ಮನ ಮುಂದೆ ಕೂತಿದ್ದವನು ಯಾರು?

ಇವರಿಗೆ ಹೇಳಿಕೊಂಡು ಅತ್ತೆ. ನಿನ್ನ ಭಾವ ನಿನಗೆ ಗೊತ್ತಲ್ಲ, ಬಸ್ಸು ಓಡಿಸುವವರಿಗೆ ಲೋಕವೆಲ್ಲ ಬಸ್ಸು. ‘ನಿಮ್ಮಣ್ಣ ಕಂಡಕ್ಟರ್ ಇದ್ದ ಹಾಗೆ. ಟಿಕೆಟ್ ಹರಿದುಕೊಟ್ಟು ನಡುದಾರೀಲಿ ಅವನೇ ಇಳಿದುಹೋದ. ಅದಕ್ಕೆ ನಿನ್ನ ಟಿಕೆಟ್ ಸುಳ್ಳಾಗುತ್ತಾ? ಗಾಡಿ ಅವನದಾ? ಸುಮ್ಮನೆ ಕೂತ್ಕೊಳೇ’ ಅಂದರು. ಒಂದು ಗಂಟೆ ಹೊತ್ತು ಸಮಾಧಾನ ಆಗಿತ್ತು. ಆಮೇಲೆ ಫ್ಯಾಕ್ಟರಿಯ ನನ್ನ ಚೆಕ್ಕಿಂಗ್ ಟೇಬಲ್ ನೆನಪಾಯಿತು. ಹೋದ ವರ್ಷ ನಮ್ಮ ಸಾಲಿನಲ್ಲಿ ಒಬ್ಬಳು ಶರ್ಟು ಬಿಚ್ಚಿ ನೋಡದೆಯೇ ಪಾಸಿನ ಮುದ್ರೆ ಒತ್ತುತ್ತಿದ್ದಳು ಎಂದು ಗೊತ್ತಾಗಿ, ಅವಳು ಮುದ್ರೆ ಒತ್ತಿದ್ದ ಪೆಟ್ಟಿಗೆಗಳನ್ನೆಲ್ಲ ಒಡೆಸಿ ನಮ್ಮಿಂದ ಮತ್ತೆ ನೋಡಿಸಿದರು. ಆದರೆ ಮೊದಲ ದಿನದ ಪೆಟ್ಟಿಗೆಗಳು ಆಗಲೇ ಹಡಗು ಹತ್ತಿದ್ದವು. ಅವುಗಳ ಗತಿ ಏನು ಸರ್ ಎಂದು ಕೇಳಿದ್ದಕ್ಕೆ ಸೂಪರ್‌ವೈಸರ್ ‘ಹೋದದ್ದು ಹೋಯ್ತು, ನಿನ್ನ ಮುಂದಿರೋದನ್ನ ನೋಡಮ್ಮ’ ಅಂದಿದ್ದ. ಬಡಗಿ ಹಿರಿಯರೂ ಆ ಭಾನುವಾರ ಬಾಗಿಲಲ್ಲಿ ನನ್ನನ್ನು ತಡೆದು ಅದನ್ನೇ ಹೇಳಿದರು. ‘ಸತ್ತವರ ವಿಚಾರ ಕರ್ತನಿಗೆ ಬಿಡು ತಂಗೀ, ನಿನ್ನದನ್ನ ಭದ್ರ ಮಾಡಿಕೋ.’ ಕೆಟ್ಟವರಲ್ಲ ಅವರು, ಅಮ್ಮನ ಶವದ ಪೆಟ್ಟಿಗೆ ಮಾಡಿದ್ದೂ ಅವರೇ, ಒಳಗಿನ ಮೊಳೆಯ ತುದಿಗಳನ್ನೆಲ್ಲ ಬಡಿದು ಮಟ್ಟ ಮಾಡಿ ಕೊಟ್ಟಿದ್ದರು. ನನಗಾಗಿ ಅವರಿಗೆ ನಿಜವಾಗಿಯೂ ಭಯ ಇದೆ.

ಬೇರೆ ಯಾರಿಗೂ ಇದು ದೊಡ್ಡದಾಗಿ ಕಾಣುತ್ತಿಲ್ಲ. ನಮ್ಮ ಫ್ಯಾಕ್ಟರಿಯ ಗುಂಡಿ ಅಕ್ಕ ಇದ್ದಾಳಲ್ಲ, ಗುಂಡಿ ಹಾಕುವ ಮಿಷನ್ನಿನವಳು, ಅವಳೂ ನಿನ್ನ ಕೈಯಿಂದಲೇ ಮುಳುಗಿದವಳು. ‘ಇನ್ನೊಂದು ಸಲ ಮುಳುಗಿದ್ರೆ ಕರಗಿ ಹೋಗ್ತೀವಾ, ನಾವೇನು ಉಪ್ಪಿನ ಹರಳಾ? ಹೋದ ಸಲದ್ದು ತಣ್ಣೀರು, ನಡುಗಿ ಸತ್ತೆ. ಈ ಸಲ ಸ್ವಲ್ಪ ಬಿಸಿ ಮಾಡ್ರಪ್ಪಾ ಅಂತ ಕೇಳಿದೀನಿ’ ಎಂದು ಊಟದ ಹೊತ್ತಿಗೆ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಅವಳಿಗೆ ಸುಲಭ, ಅವಳ ಅಮ್ಮ ಇನ್ನೂ ಇದ್ದಾಳೆ, ನಂಬಿಕೆಯೇ ಇಲ್ಲದೆ ಗಟ್ಟಿಮುಟ್ಟಾಗಿ ಇದ್ದಾಳೆ. ನಾನು ಮತ್ತೆ ನೀರಿಗೆ ಇಳಿದರೆ ಮೊದಲಿನದು ಸುಳ್ಳು ಎಂದು ಎಲ್ಲರೆದುರು ಒಪ್ಪಿಕೊಂಡ ಹಾಗೆ. ನನ್ನದು ಸುಳ್ಳಾದರೆ ಅಮ್ಮನದೂ ಸುಳ್ಳು. ಅದೇ ಕೈ, ಅದೇ ಮಾತು. ಇಳಿಯದಿದ್ದರೆ, ಹಿರಿಯರು ಹೇಳಿದ್ದೇ ನಿಜವಾಗಿದ್ದರೆ, ನನ್ನ ಕಥೆಯೂ ಮುಗಿಯಿತು. ನಿನ್ನೆ ಈ ಯೋಚನೆಯಲ್ಲೇ ಕಾಲರು ವಕ್ರವಾಗಿದ್ದ ಆರು ಶರ್ಟುಗಳನ್ನು ಪಾಸ್ ಮಾಡಿ ಬೈಸಿಕೊಂಡೆ.

ಅದಕ್ಕೇ ಕೇಳುತ್ತಿದ್ದೇನೆ, ನೇರವಾಗಿ ಹೇಳು. ಈಗ ನೀನು ನಂಬುತ್ತೀಯಾ ಎಂದು ಕೇಳುವುದಿಲ್ಲ. ಯಾಕೆ ಬಿಟ್ಟೆ ಎಂದೂ ಕೇಳುವುದಿಲ್ಲ, ನಿನಗೆ ಏನೇನು ನೋವಿತ್ತೋ, ಭಾನುವಾರ ಮಧ್ಯಾಹ್ನ ನನ್ನ ಮನೆಯಲ್ಲೇ ಉಂಡು ಹೋಗುತ್ತಿದ್ದವನು ಒಂದು ದಿನವಾದರೂ ಬಾಯಿಬಿಡಲಿಲ್ಲ. ನೀನು ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದೆ, ನಾನು ಉಪ್ಪು ಹೆಚ್ಚಾಯಿತೇನೋ ಎಂದು ಪೇಚಾಡುತ್ತಿದ್ದೆ. ನಾನು ಕೇಳುವುದು ಒಂದೇ ದಿನದ ಮಾತು. ಅಮ್ಮ ಕೈ ಹಿಡಿದು ಕೇಳಿದಳಲ್ಲ, ಆವತ್ತು, ಆ ಗಳಿಗೆಯಲ್ಲಿ, ನೀನು ಹೇಳಿದ್ದನ್ನು ನೀನು ನಂಬಿದ್ದೆಯಾ? ಹೌದು ಅಥವಾ ಇಲ್ಲ. ಒಂದು ಕಾರ್ಡಿನಲ್ಲಿ ಒಂದೇ ಪದ ಸಾಕು. ನನಗೆ ಸುಳ್ಳು ಹೇಳಬೇಡ. ಅಣ್ಣಾ, ನಿನ್ನ ಮೇಲೆ ಎಷ್ಟು ಸಿಟ್ಟಿದೆ ಎಂದರೆ ನಿನಗೋಸ್ಕರ ಪ್ರಾರ್ಥನೆ ಮಾಡೋಣ ಎಂದು ಕಣ್ಣು ಮುಚ್ಚಿದರೆ ಬರೀ ಬೈಗುಳ ಬರುತ್ತದೆ. ಅದನ್ನೂ ಕರ್ತನು ಲೆಕ್ಕಕ್ಕೆ ಇಟ್ಟುಕೊಂಡನೇನೋ ಎಂದು ಮತ್ತೆ ಹೆದರಿಕೆ.

ಕಿವಿ ಜೋಪಾನ. ಒಬ್ಬನೇ ಇದ್ದೀಯೆಂದು ಬರೀ ಬ್ರೆಡ್ಡಿನಲ್ಲಿ ಹೊಟ್ಟೆ ತುಂಬಿಸಬೇಡ. ನಿನ್ನ ಭಾವ ಕೇಳಿದ್ದಾರೆ ಎಂದು ಬರೆಯಲು ಹೇಳಿದರು. ನೀನು ಎಲ್ಲಿದ್ದರೂ ದೇವರು ನಿನ್ನ ಬೆನ್ನಿಗಿರಲಿ. ನಿನಗೆ ಬೇಡದಿದ್ದರೂ ಇರಲಿ.

ಇಂತಿ,
ನೀನೇ ಹೆಸರಿಟ್ಟಂತೆ,
ನಿನ್ನ ಗಾಬರಿ

ತಾ.ಕ.: ಅಣ್ಣಾ, ಕಾಗದ ಅಂಟಿಸಿ ಅಂಚೆಗೆ ಹೊರಟವಳು ದಾರಿಯಲ್ಲಿ ಬಡಗಿ ಹಿರಿಯರ ಅಂಗಡಿಗೆ ಹೋದೆ, ಅಲ್ಲಿಂದ ವಾಪಸ್ ಬಂದು ಕವರು ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಭಾನುವಾರ ನೀರಿಗೆ ಇಳಿಯುವುದಿಲ್ಲ ಎಂದು ಅವರಿಗೆ ಹೇಳಿಬಿಟ್ಟೆ. ‘ಅಮ್ಮ ಎಲ್ಲಿಗೆ ಹೋಗಿದ್ದಾಳೋ ನಾನೂ ಅಲ್ಲಿಗೇ. ಅವಳನ್ನ ಅಲ್ಲೇ ಬಿಟ್ಟು ನಾನೊಬ್ಬಳೇ ಭದ್ರ ಮಾಡಿಕೊಳ್ಳೋಕೆ ಆಗಲ್ಲ’ ಅಂದೆ. ಅವರು ಹಲಗೆ ಕೀಸುವುದನ್ನು ನಿಲ್ಲಿಸಿ, ‘ತಾಯಿಯ ಮೇಲಿನ ಪ್ರೀತಿ ಬೇರೆ, ರಕ್ಷಣೆ ಬೇರೆ ತಂಗೀ’ ಅಂದರು. ‘ಎರಡನ್ನೂ ಬೇರೆ ಮಾಡಿ ನೋಡುವಷ್ಟು ನಾನು ಓದಿಲ್ಲ’ ಅಂದೆ. ಸರಿ, ಹಾಗಿದ್ದರೆ ಮೇಜಿಗೆ ಬರಬೇಡ ಎಂದರು, ಅವರ ಕಣ್ಣಲ್ಲೂ ನೀರಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಮೇಲೆ ಕೇಳಿದ್ದಕ್ಕೆ ನೀನು ಉತ್ತರ ಬರೆಯಬೇಡ. ಒಂದು ಪದವೂ ಬೇಡ. ಬಂದರೆ ಓದದೆ ಇರಲಾರೆ, ಓದಿದರೆ ನಂಬಿಬಿಡುತ್ತೇನೆ. ನೀನು ಏನು ಹೇಳಿದರೂ ನಂಬಿಯೇ ಅಭ್ಯಾಸ ನನಗೆ.