ಅದೊಲೊರಾತಾಳ ಮನೆಯಲ್ಲಿ ಉಂಡೆ

ಪೂಕಾ, ಅಲ್ಬೇನಿಯಾ
೧೭ ಅಕ್ಟೋಬರ್ ೨೦೦೪

ಪ್ರೀತಿಯ ತಮ್ಮ ಪಾಶ್ಕ್,

ನೀನೂ ನಿನ್ನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಾನು ಗಟ್ಟಿಯಾಗಿದ್ದೇನೆ, ಹಲ್ಲೊಂದು ಹೋಯಿತು, ಬಾಯಿ ಮಾತ್ರ ಹಾಗೇ ಇದೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ, ಬರೆಯಲು ಕೂತುಬಿಟ್ಟೆ.

ನಾನು ಕಡಲು ದಾಟಿ ನಿನ್ನಲ್ಲಿಗೆ ಬಂದಾಗ ನಿನ್ನ ಮನೆಗೆ ಬಣ್ಣ ಹೊಡೆಸುತ್ತಿದ್ದುದರಿಂದ ನನಗಾಗಿ ಹೋಟೆಲಿನಲ್ಲಿ ಕೋಣೆ ಗೊತ್ತುಮಾಡಿದ್ದೆಯಂತೆ. ನಾನು ಅದನ್ನು ಬಿಟ್ಟು, ಬೀದಿಯಲ್ಲಿ ಸಿಕ್ಕವರ ಮನೆಯಲ್ಲಿ ಭಿಕ್ಷುಕಿಯ ಹಾಗೆ ಉಳಿದು ನಿನ್ನ ಮಾನ ಕಳೆದೆನಂತೆ. ಇನ್ನು ಮುಂದೆ ಊರಲ್ಲಿ ಯಾರು ಕೇಳಿದರೂ "ತಮ್ಮನ ಮನೆಯಲ್ಲೇ ಇದ್ದೆ" ಎನ್ನಬೇಕಂತೆ. ಹೇಳುವುದಿಲ್ಲ, ಪಾಶ್ಕ್.

ಇಲ್ಲಿಯ ಜನ ನಿನಗೆ ಗೊತ್ತಿಲ್ಲವೇ? ಪರದೇಶದಿಂದ ಬಂದವರನ್ನು ಸಮುದ್ರ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಪಕ್ಕದ ಮನೆಯ ಮ್ರಿಕಾ ಕಾಫಿ ಕುದಿಯುವ ಮೊದಲೇ ಶುರು ಮಾಡಿದಳು.

"ಯಾರ ಮನೇಲಿ ರೊಟ್ಟಿ ಉಂಡೆ, ದ್ರಾನೆ?"

"ಅದೊಲೊರಾತಾ ಅನ್ನೋಳ ಮನೇಲಿ."

"ಅದ್ಯಾರೇ? ನಿಮ್ಮ ಪಾಶ್ಕ್‌ಗೆ ಏನಾಗಿತ್ತು?"

"ಅವನಿಗೇನಾಗುತ್ತೆ, ಚೆನ್ನಾಗೇ ಇದಾನೆ," ಎಂದೆ. ಹೇಳಿದ್ದು ಇಷ್ಟೇ.

ಭಿಕ್ಷುಕಿ ಎಂದೆಯಲ್ಲ, ಈಗ ಕೇಳು. ಹಡಗಿಳಿದ ದಿನ ಸಂಜೆ ದಾರಿ ತಪ್ಪಿ ನಿಮ್ಮ ಪಟ್ಟಣದ ಹಳೇ ಪೇಟೆಯ ಓಣಿಯೊಂದಕ್ಕೆ ಬಂದಿದ್ದೆ. ನನ್ನದೇ ವಯಸ್ಸಿನ ಒಬ್ಬಳು ಬಾಗಿಲ ಮುಂದೆ ಹಲಗೆ ಹಾಕಿಕೊಂಡು, ಪಾಸ್ತಾ ಮಾಡಲು ಹಿಟ್ಟನ್ನು ಹೆಬ್ಬೆರಳಲ್ಲಿ ಪುಟ್ಟ ಕಿವಿಗಳ ಹಾಗೆ ಒತ್ತುತ್ತಿದ್ದಳು. ಹೋಟೆಲಿನ ಚೀಟಿ ತೋರಿಸಿದೆ. ಟೀವಿ ನೋಡಿ ಕಲಿತ ನನ್ನ ಇಟಾಲಿಯನ್ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು.

"ಹೋಟೆಲ್ ಎಲ್ಲೂ ಓಡಿಹೋಗಲ್ಲ. ಊಟ ಆಯ್ತಾ?"

"ಆಯ್ತು."

"ಸುಳ್ಳು ಹೇಳೋಕೂ ಶಕ್ತಿ ಬೇಕು ಕಣೇ, ನಿನ್ನ ಹತ್ರ ಅದೂ ಇಲ್ಲ. ಬಾ ಒಳಗೆ."

ಹೊಸ್ತಿಲಲ್ಲಿ ನಮ್ಮ ಪದ್ಧತಿಯಂತೆ ಬೂಟು ಕಳಚಿದೆ. ಅಲ್ಲಿಯವರು ಬೂಟು ಹಾಕಿಕೊಂಡೇ ಮನೆಯೆಲ್ಲ ಓಡಾಡುತ್ತಾರೆಂದು ನನಗೇನು ಗೊತ್ತು? ನನ್ನ ಕಾಲು ಬಾತಿದೆ ಎಂದುಕೊಂಡ ಅದೊಲೊರಾತಾ ಗಂಡನನ್ನು ಕೂಗಿದಳು: "ಕೊಸಿಮೋ, ಬಿಸಿನೀರು ತಾ, ಉಪ್ಪು ಹಾಕು!" ಬೇಡ ಬೇಡ ಎನ್ನುವಷ್ಟರಲ್ಲಿ ನನ್ನ ಪಾದಗಳು ಬೋಗುಣಿಯೊಳಗಿದ್ದವು. ಅವಳು ನೆಲದಲ್ಲಿ ಕೂತು ತಿಕ್ಕುತ್ತಿದ್ದಳು. ಅಪ್ಪನ ಮನೆಗೆ ಬಂದ ಅತಿಥಿಗಳ ಕಾಲು ತೊಳೆಯುವುದು ಮನೆಮಗಳಾದ ನನ್ನ ಕೆಲಸವಾಗಿತ್ತು, ನೆನಪಿದೆಯಾ? ಎಷ್ಟು ಜನರ ಕಾಲು ತೊಳೆದಿದ್ದೇನೋ! ನನ್ನ ಕಾಲನ್ನು ಅದುವರೆಗೆ ಯಾರೂ ತೊಳೆದಿರಲಿಲ್ಲ. ಅತ್ತುಬಿಟ್ಟೆ.

"ಉಪ್ಪು ಜಾಸ್ತಿ ಆಯ್ತೇನೋ, ಉರೀತಿದೆ ಪಾಪ," ಎಂದು ಕೊಸಿಮೊ ಹೆದರಿದ.

ಹೊರಡುವ ದಿನದವರೆಗೂ ಅಲ್ಲೇ ಇದ್ದೆ. ನಿನಗೆಂದು ಕಟ್ಟಿಕೊಂಡು ಬಂದಿದ್ದ ಕುರಿಹಾಲಿನ ಚೀಸನ್ನು ಅವರಿಗೇ ಕೊಟ್ಟೆ. ಅವಳ ಜೊತೆ ಕೂತು ಹಿಟ್ಟು ಒತ್ತಿದೆ. ನಾನು ಮಾಡಿದ ಕಿವಿಗಳೆಲ್ಲ ಕತ್ತೆಯ ಕಿವಿಯಂತಾದವೆಂದು ಓಣಿಯವರನ್ನೆಲ್ಲ ಕರೆದು ತೋರಿಸಿದಳು, ಹಾಳಾದವಳು. ಭಾನುವಾರ ನೀನು ಸಮುದ್ರದ ದಂಡೆಗೆ ಕರೆಸಿ ಐಸ್‌ಕ್ರೀಮು ಕೊಡಿಸಿದೆ. "ಬಣ್ಣದ ವಾಸನೆ ನಿಂಗೆ ತಡೆಯೋಕಾಗಲ್ಲ ಅಕ್ಕಾ," ಎಂದೆ. ನಾನು ಐಸ್‌ಕ್ರೀಮು ತಿಂದೆ. ಹೊರಡುವಾಗ ಕೊಸಿಮೊ ನನ್ನ ಚೀಲ ಹೊತ್ತು ಬಂದು, ಹಡಗು ಕಣ್ಮರೆಯಾಗುವವರೆಗೂ ಬಂದರಿನ ದಕ್ಕೆಯಲ್ಲಿ ನಿಂತಿದ್ದ.

ಭಿಕ್ಷುಕಿ ಕೈ ಚಾಚುತ್ತಾಳೆ. ನಾನು ಚಾಚಲಿಲ್ಲ. ಅವರು ಕರೆದರು, ತಲೆಯೆತ್ತಿಕೊಂಡು ಹೋದೆ, ಹೊಟ್ಟೆ ತುಂಬ ಉಂಡೆ. ಬರುವ ಬೇಸಿಗೆಗೆ ಅವರಿಬ್ಬರೂ ಇಲ್ಲಿಗೆ ಬರುತ್ತಾರೆ. ಅಂಗಳದಲ್ಲಿ, ಊರೆಲ್ಲ ನೋಡುವ ಹಾಗೆ, ಅವಳ ಕಾಲು ತೊಳೆಯುತ್ತೇನೆ. ಯಾರಿವರು ಎಂದು ಕೇಳಿದರೆ ನಮ್ಮವರು ಎನ್ನುತ್ತೇನೆ. ನಿನ್ನ ಮಾನಕ್ಕೆ ಕುಂದಾದರೆ ಅದನ್ನು ನೀನೇ ನೋಡಿಕೋ.

ನಿನ್ನ ಮಗಳು ಸೆರೆನಾಳ ನಿಶ್ಚಿತಾರ್ಥವಾಯಿತೆಂದು ಬರೆದಿದ್ದೀಯ. ಮಗು ಸುಖವಾಗಿ ಬಾಳಲಿ. ದೇವರು ನಿನ್ನ ಮನೆಯನ್ನು ತುಂಬಿಸಿಟ್ಟಿರಲಿ, ನಿನ್ನ ಹೆಂಡತಿಯ ಸೊಂಟನೋವು ವಾಸಿಯಾಗಲಿ.

ನಿನ್ನ ಅಕ್ಕ,
ದ್ರಾನೆ

ಇನ್ನೊಂದು ಮಾತು. ಬರೆಯಬಾರದೆಂದಿದ್ದೆ. ಹಡಗಿಳಿದು ನಾನು ಮೊದಲು ಹೋದದ್ದು ನಿನ್ನ ಮನೆಗೇ. ಬಣ್ಣದ ವಾಸನೆಯಿದ್ದರೆ ಇರಲಿ, ನಿನ್ನ ಮುಖ ನೋಡಿ ಹೋಟೆಲಿಗೆ ಹೋಗೋಣವೆಂದು. ಬೀದಿಬಾಗಿಲ ಗುಂಡಿ ಒತ್ತಿದೆ. ಗೋಡೆಯ ಮಾತಾಡುವ ಯಂತ್ರದಲ್ಲಿ ಸೆರೆನಾ "ಯಾರು?" ಎಂದಳು. "ದ್ರಾನೆ ಅತ್ತೆ," ಎಂದೆ. ಅವಳ ಹಿಂದೆ ತಟ್ಟೆಗಳ ಸದ್ದು, ಬೀಗರಾಗಲಿದ್ದವರ ನಗು. "ಅಪ್ಪಾ, ಊರಿಂದ ಅತ್ತೆ ಬಂದಿದಾರೆ!" ಎಂದು ಖುಷಿಯಿಂದ ಕೂಗಿದಳು. ನೀನು ನಮ್ಮ ಭಾಷೆಯಲ್ಲಿ ಮೆಲ್ಲಗೆ ಅಂದೆ: "ಇವರ ಮುಂದೆ ಬೇಡ. ಮನೆ ತಪ್ಪಾಗಿದೆ ಅಂತ ಹೇಳು." ಸೆರೆನಾ ಆ ಸುಳ್ಳು ಹೇಳಲಿಲ್ಲ, ರಿಸೀವರ್ ಇಟ್ಟುಬಿಟ್ಟಳು. ಅವಳನ್ನು ಬೈಯಬೇಡ. ಆ ಯಂತ್ರದಲ್ಲಿ ಒಳಗಿನ ಮಾತೆಲ್ಲ ಚೆನ್ನಾಗಿ ಕೇಳಿಸುತ್ತದೆ, ತಮ್ಮಾ.