ಬೂದು ಅಂಗಿಯ ಮಗನಿಗೊಂದು ಜಾಗ

ಕೆಂಟಕಿ, ಮಾರ್ಚ್ 1867

ಸೈನಿಕ ಸ್ಮಶಾನದ ಮೇಲ್ವಿಚಾರಕರಿಗೆ,

ಮಹಾಸ್ವಾಮಿ! ಅಂತರ್ಯುದ್ಧದಲ್ಲಿ ಉತ್ತರದ ನೀಲಿ ಅಂಗಿ ತೊಟ್ಟು ಮಡಿದ ನನ್ನ ಹಿರಿಮಗ ಅಮೋಸನಿಗೆ ನಿಮ್ಮಲ್ಲಿ ಗೋರಿಯ ತಲೆಗೆ ಹೆಸರು ಬರೆದ ಬಿಳಿ ಹಲಗೆ, ಧ್ವಜವಂದನೆ ಎಲ್ಲವೂ ಸಿಕ್ಕಿದೆ. ಅದೇ ಕಾಳಗದಲ್ಲಿ ದಕ್ಷಿಣದ ಬೂದು ಅಂಗಿಯಲ್ಲಿ ಬಿದ್ದ ಕಿರಿಯವ ಲೆಮ್‌ನನ್ನು ಅಣ್ಣನ ಪಕ್ಕ ಮಲಗಿಸೋಣವೆಂದು, ರಣರಂಗದಲ್ಲಿ ಹೂತಿದ್ದ ಅವನ ಮೂಳೆಗಳನ್ನು ಅಗೆದು ತೆಗೆದು ಮೊನ್ನೆ ಗಾಡಿಯಲ್ಲಿ ತಂದಿದ್ದೆ.

"ದಂಗೆಕೋರರಿಗೆ ಇಲ್ಲಿ ಆರಡಿ ಮಣ್ಣೂ ಇಲ್ಲ, ಗಾಡಿ ತಿರುಗಿಸು!" ಎಂದು ನಿಮ್ಮ ಕಾವಲುಗಾರ ಗುಡುಗಿದ.

ನಾನೂ ಗುಡುಗಿದೆ: "ಒಂದೇ ಹಾಸಿಗೆಯಲ್ಲಿ ಹೊದಿಕೆಗೆ ಗುದ್ದಾಡಿ ಬೆಳೆದವರು ಕಣಯ್ಯಾ!"

"ಈಗ ಅಂಗಿ ಬೇರೆ, ತಾತ!"

ಕಾನೂನು ನಿಮ್ಮದು, ಒಪ್ಪಿದೆ. ಲೆಮ್‌ನನ್ನು ನಮ್ಮ ಸೇಬಿನ ತೋಟದಲ್ಲಿ ಹೂಳಿದೆ. ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿಟ್ಟಿದ್ದೇನೆ. ಗುರುವಾರ ಗಾಡಿ ತರುತ್ತೇನೆ. ಹಲಗೆ, ಧ್ವಜ ನೀವೇ ಇಟ್ಟುಕೊಳ್ಳಿ. ಅಮೋಸನನ್ನು ನನಗೆ ಕೊಟ್ಟುಬಿಡಿ.

ಇಬ್ಬರ ಅಪ್ಪ,
ಜೆಡಿಡಯಾ ಪ್ರೂಯಿಟ್