ಊರಿಗಾಗಿ ಕೂಗಿದ ಹೆಸರು

ಕುಮಾನೊವೊ ಬಳಿ, ೮ ನವೆಂಬರ್ ೧೯೩೧

ಅಕ್ಕಾ,

ಇವತ್ತು ನಮ್ಮ ಶಾಲೆಯಲ್ಲೇ ಚುನಾವಣೆ. ಇರುವುದು ಅರಸರ ಕಡೆಯ ಅಭ್ಯರ್ಥಿಗಳ ಒಂದೇ ಪಟ್ಟಿ. ಆದರೂ ಅದರ ಮುಖಂಡನ ಹೆಸರನ್ನು ಪ್ರತಿಯೊಬ್ಬನೂ ಪೊಲೀಸರೆದುರು ಬಾಯಿಬಿಟ್ಟು ಹೇಳಬೇಕು; ಬರೆದುಕೊಳ್ಳುವವನು ನಾನು. ಮುದುಕ ಟ್ರಾಯ್ಕೊ ಟೋಪಿ ತೆಗೆದು, "ಇರೋನೇ ಒಬ್ಬ ಅಂದ್ಮೇಲೆ ನನ್ನನ್ಯಾಕೆ ಕೇಳ್ತೀರಿ ಮೇಷ್ಟ್ರೇ?" ಎಂದು ಗೊಣಗಿಯೇ ಹೆಸರು ಹೇಳಿದ.

ನನ್ನ ಸರದಿ ಬಂದಾಗ ಕಿಟಕಿ ಗಾಜು ಅದುರುವಂತೆ ಕೂಗಿದೆ. "ಅಷ್ಟೊಂದು ಪ್ರೀತಿನಾ ಅವನ ಮೇಲೆ?" ಎಂದು ಟ್ರಾಯ್ಕೊ ಹೊರಗೆ ಕೆಣಕಿದ. ನಿನಗಷ್ಟೇ ಹೇಳುತ್ತೇನೆ: ನಮ್ಮೂರಿಗೆ ವರ್ಗ ಕೇಳಿದ ನನ್ನ ಅರ್ಜಿ ಇರುವುದು ಶಾಲಾ ಇನ್ಸ್‌ಪೆಕ್ಟರರ ಬಳಿ. ಅವರು ಎದುರಿಗೇ ಕೂತಿದ್ದರು.

ಗಂಟಲು ಕಟ್ಟಿದೆ, ಉಳಿದಂತೆ ಆರಾಮ. ನಮ್ಮ ಕಡೆಯ ರೈಲು ಗಾರ್ಡನ ಕೈಯಲ್ಲಿ ಈ ಕಾರ್ಡನ್ನು ಅಂಚೆಗೆ ಹಾಕದೆ ಕಳಿಸುತ್ತಿದ್ದೇನೆ. ಒಲೆ ಪಕ್ಕದ ಬೆಂಚಿನಲ್ಲಿ ನನ್ನ ಜಾಗ ಖಾಲಿ ಇಡು. ಓದಿದ ಮೇಲೆ ಕಾರ್ಡನ್ನು ಆ ಒಲೆಗೇ ಹಾಕು.

ನಿನ್ನ ಟೋನೆ